ಬಿಸಿಲಿನ ನೀಲಿ, ಪರದೆಯ ನೀಲಿ

ಮೇ ತಿಂಗಳ ಎರಡನೆಯ ವಾರದಲ್ಲಿ ಒಂದು ದಿನ, ನಡುಮಧ್ಯಾಹ್ನದ ಹೊತ್ತಿಗೆ, ಬಸವಕಲ್ಯಾಣದಲ್ಲಿ ನೆಟ್ಟ ಕಂಬಕ್ಕೆ ನೆರಳೇ ಇರುವುದಿಲ್ಲ. ಸೂರ್ಯ ಆ ಗಳಿಗೆಯಲ್ಲಿ ಸರಿಯಾಗಿ ನೆತ್ತಿಯ ಮೇಲೆ ಬಂದಿರುತ್ತಾನೆ. ಅಲ್ಲಿಂದ ಸುಮಾರು 30 ಕಿಲೋಮೀಟರ್ ದೂರದ ಹುಮನಾಬಾದಿನಲ್ಲೂ ಇದೇ ಸ್ಥಿತಿ. ಆಗಸ್ಟ್ ತಿಂಗಳ ಮೊದಲ ದಿನಗಳಲ್ಲಿ, ಸೂರ್ಯ ದಕ್ಷಿಣಕ್ಕೆ ಮರಳುವಾಗ, ಇನ್ನೊಮ್ಮೆ ಹೀಗಾಗುತ್ತದೆ. ಆಗ ಸಾಮಾನ್ಯವಾಗಿ ಮಳೆಗಾಲದ ಮೋಡ ಅಡ್ಡ ಬಂದಿರುತ್ತದೆ. ಎರಡೂ ಊರುಗಳು 18 ಡಿಗ್ರಿ ಉತ್ತರ ಅಕ್ಷಾಂಶಕ್ಕೆ ತುಸು ಕೆಳಗೆ, ಸಮುದ್ರಮಟ್ಟದಿಂದ 600 ಮೀಟರಿಗೂ ಎತ್ತರದ ಬಯಲಿನಲ್ಲಿವೆ. ಬಿಸಿಲೆಂದರೇನು ಎಂಬುದನ್ನು ಈ ಸೀಮೆಯ ಜನಕ್ಕೆ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ.

ಆದರೆ ಈಗ ಕೆಲವು ವರ್ಷಗಳಿಂದ ಚರ್ಮಕ್ಕೆ ಬೇರೊಂದು ಬೆಳಕಿನ ಭಯ ಹುಟ್ಟಿದೆ. ಮೊಬೈಲ್ ಮತ್ತು ಕಂಪ್ಯೂಟರ್ ಪರದೆಗಳಿಂದ ಹೊಮ್ಮುವ ನೀಲಿ ಬೆಳಕು ಮುಖವನ್ನು ಕಪ್ಪಾಗಿಸುತ್ತದೆ, ಸುಕ್ಕುಗಟ್ಟಿಸುತ್ತದೆ, ಆದ್ದರಿಂದ ಅದನ್ನು ತಡೆಯುವ ಕ್ರೀಮು ಹಚ್ಚಿಕೊಳ್ಳಬೇಕು ಎಂಬ ಜಾಹೀರಾತುಗಳು ಅದೇ ಮೊಬೈಲ್ ಪರದೆಯ ಮೇಲೆಯೇ ಬರುತ್ತಿವೆ. 2020ರಲ್ಲಿ ಶಾಲೆ ಮುಚ್ಚಿ ಪಾಠಗಳು ಫೋನಿಗೆ ಬಂದ ಮೇಲೆ ಹಳ್ಳಿಯ ಮನೆಗಳಲ್ಲೂ ಪರದೆಯ ಮುಂದೆ ಕೂರುವ ಹೊತ್ತು ಹೆಚ್ಚಿತು. ಹೀಗಾಗಿ ಪ್ರಶ್ನೆ ಸಹಜವಾದದ್ದೇ. ಫೋನು ನೋಡಿದರೆ ನಿಜವಾಗಿ ಮುಖ ಕೆಡುತ್ತದೆಯೇ? ಉತ್ತರಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕಾಗುತ್ತದೆ. ಬೆಳಕಿಗೂ ಚರ್ಮಕ್ಕೂ ಇರುವ ಸಂಬಂಧದ ಇತಿಹಾಸದಲ್ಲಿ ನೀಲಿ ಬೆಳಕು ಒಮ್ಮೆ ಖಳನಾಯಕನಾಗಿ, ಇನ್ನೊಮ್ಮೆ ವೈದ್ಯನಾಗಿ ಹಲವು ಸಲ ಬಂದುಹೋಗಿದೆ.

ಕಲ್ಯಾಣದ ಕೊಡೆ

ಇಂದಿನ ಬಸವಕಲ್ಯಾಣ ಹನ್ನೊಂದು, ಹನ್ನೆರಡನೆಯ ಶತಮಾನಗಳಲ್ಲಿ ಕಲ್ಯಾಣ ಚಾಲುಕ್ಯರ ರಾಜಧಾನಿ. ಒಂದನೆಯ ಸೋಮೇಶ್ವರ ಮಾನ್ಯಖೇಟದಿಂದ ಇಲ್ಲಿಗೆ ರಾಜಧಾನಿಯನ್ನು ತಂದ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಇಲ್ಲಿ ‘ಮಿತಾಕ್ಷರಾ’ ಬರೆದ. ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರ (1126-1138) ಸ್ವತಃ ವಿದ್ವಾಂಸ. 1129ರ ಸುಮಾರಿಗೆ ಅವನ ಹೆಸರಿನಲ್ಲಿ ಹೊರಬಂದ ಸಂಸ್ಕೃತ ವಿಶ್ವಕೋಶವೇ ‘ಮಾನಸೋಲ್ಲಾಸ’. ‘ಅಭಿಲಷಿತಾರ್ಥ ಚಿಂತಾಮಣಿ’ ಎಂದೂ ಅದಕ್ಕೆ ಹೆಸರಿದೆ. ಐದು ಭಾಗ, ಭಾಗಕ್ಕೆ ಇಪ್ಪತ್ತರಂತೆ ನೂರು ಅಧ್ಯಾಯಗಳು. ಅಡುಗೆ, ಆನೆ, ಸಂಗೀತ, ಶಿಲ್ಪ ಎಲ್ಲಕ್ಕೂ ಅದರಲ್ಲಿ ಜಾಗವಿದೆ.

ಅರಸನ ಉಪಭೋಗಗಳನ್ನು ಹೇಳುವ ಮೂರನೆಯ ಭಾಗ ಇಲ್ಲಿ ಮುಖ್ಯ. ಅದರ ಇಪ್ಪತ್ತು ಭೋಗಗಳಲ್ಲಿ ಸ್ನಾನ, ವಿಲೇಪನ ಮತ್ತು ಛತ್ರ ಸೇರಿವೆ. ಮೈಗೆ ಚಂದನವೇ ಮೊದಲಾದ ಸುಗಂಧ ಲೇಪನ ಹಚ್ಚಿಕೊಳ್ಳುವುದು ವಿಲೇಪನ ಭೋಗ. ತಲೆಯ ಮೇಲೆ ಕೊಡೆ ಹಿಡಿಸಿಕೊಳ್ಳುವುದು ಛತ್ರ ಭೋಗ. ನೆರಳು ಅರಸನ ಭೋಗವಾಗಿತ್ತು ಎಂಬುದು ಗಮನಿಸತಕ್ಕ ಸಂಗತಿ. ಒಂದೇ ಕೊಡೆಯ ಕೆಳಗೆ ನಾಡನ್ನು ಆಳುವವನು ಏಕಚ್ಛತ್ರಾಧಿಪತಿ. ಬಿಸಿಲು ಚರ್ಮಕ್ಕೆ ಏನು ಮಾಡುತ್ತದೆಂದು ಅಳೆಯುವ ಉಪಕರಣ ಆ ಕಾಲದಲ್ಲಿ ಇರಲಿಲ್ಲ, ನಿಜ. ಆದರೆ ನೆರಳಿಗೆ ಬೆಲೆಯಿದೆ ಎಂಬುದು ಗೊತ್ತಿತ್ತು.

ಸೋಮೇಶ್ವರ ತೀರಿಕೊಂಡ ಕೆಲವೇ ದಶಕಗಳಲ್ಲಿ ಇದೇ ಕಲ್ಯಾಣದಲ್ಲಿ ಶರಣರು ಸೇರಿದರು. ಬಟ್ಟೆ ಒಗೆಯುವ ಮಾಚಿದೇವ, ದೋಣಿ ನಡೆಸುವ ಚೌಡಯ್ಯ, ಸೌದೆ ಹೊರುವ ಮಾರಯ್ಯ, ಅಕ್ಕಿ ಆಯುವ ಲಕ್ಕಮ್ಮ, ಇವರೆಲ್ಲ ಬಿಸಿಲಿನಲ್ಲಿ ದುಡಿಯುವ ಜನ. ಕಾಯಕ ಎಂಬ ಮಾತಿನಲ್ಲೇ ಕಾಯ ಇದೆ. ಕೊಡೆಯ ಕೆಳಗಿನ ಮೈ ಒಂದು, ಕೊಡೆಯಿಲ್ಲದ ಮೈ ಇನ್ನೊಂದು ಎಂಬ ಭೇದ ಆ ಊರಿಗೆ ಹೊಸದಲ್ಲ. ಬೆಳಕು ಮತ್ತು ಚರ್ಮದ ಇಂದಿನ ಚರ್ಚೆಯಲ್ಲೂ ಕೊನೆಗೆ ಈ ಭೇದಕ್ಕೇ ಬರಬೇಕಾಗುತ್ತದೆ.

ಬೆಳಕು ರೋಗವನ್ನು ವಾಸಿಮಾಡಬಲ್ಲದು ಎಂಬ ತಿಳಿವಳಿಕೆಯೂ ಈ ದೇಶದಲ್ಲಿ ಹಳೆಯದು. ತೊನ್ನಿಗೆ ಬಾವಂಚಿ ಬೀಜದ ಲೇಪ ಹಚ್ಚಿ ಬಿಸಿಲಿಗೆ ಕೂರಿಸುವ ಪದ್ಧತಿ ಆಯುರ್ವೇದದಲ್ಲಿದೆ. ಬಾವಂಚಿಯಲ್ಲಿರುವ ಸೊರಾಲೆನ್ ಎಂಬ ವಸ್ತು ಬೆಳಕು ಬಿದ್ದಾಗ ಚುರುಕಾಗುತ್ತದೆ ಎಂಬುದು ಇಪ್ಪತ್ತನೆಯ ಶತಮಾನದಲ್ಲಿ ಖಚಿತವಾಯಿತು. ಆ ಗುಂಪಿನ ಔಷಧದ ಜೊತೆ ನೇರಳಾತೀತ ಕಿರಣ ಕೊಡುವ ಚಿಕಿತ್ಸೆ 1974ರಿಂದ ಪಾಶ್ಚಾತ್ಯ ಆಸ್ಪತ್ರೆಗಳಲ್ಲೂ ನೆಲೆಗೊಂಡಿತು.

ಬೆಳಕನ್ನು ಬಿಡಿಸಿದವರು

ಬಿಳಿಯ ಬೆಳಕಿನಲ್ಲಿ ಹಲವು ಬಣ್ಣಗಳಿವೆ ಎಂದು ಹದಿನೇಳನೆಯ ಶತಮಾನದಲ್ಲಿ ಐಸಾಕ್ ನ್ಯೂಟನ್ ಗಾಜಿನ ಪಟ್ಟಕದಿಂದ ತೋರಿಸಿಕೊಟ್ಟ. 1800ರಲ್ಲಿ ವಿಲಿಯಂ ಹರ್ಷೆಲ್ ಕೆಂಪಿನ ಆಚೆಗೆ ಕಣ್ಣಿಗೆ ಕಾಣದ ಶಾಖದ ಕಿರಣಗಳಿರುವುದನ್ನು ಕಂಡುಹಿಡಿದ. ಮರುವರ್ಷ ಜರ್ಮನಿಯ ಯೋಹಾನ್ ರಿಟ್ಟರ್ ಇನ್ನೊಂದು ತುದಿಯನ್ನು ಹುಡುಕಿದ. ಬೆಳ್ಳಿಯ ಲವಣ ಬೆಳಕಿಗೆ ಕಪ್ಪಾಗುತ್ತದೆ. ಅದು ನೇರಳೆ ಬಣ್ಣದ ಆಚೆ, ಏನೂ ಕಾಣದ ಜಾಗದಲ್ಲಿ, ಎಲ್ಲಕ್ಕಿಂತ ಬೇಗ ಕಪ್ಪಾಯಿತು. ಇದೇ ನೇರಳಾತೀತ ಕಿರಣ.

ಈ ಕಿರಣಗಳ ಅಳತೆ ನ್ಯಾನೋಮೀಟರಿನಲ್ಲಿ. ಒಂದು ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲು ಒಂದು ನ್ಯಾನೋಮೀಟರ್. ಕಣ್ಣಿಗೆ ಕಾಣುವ ಬೆಳಕಿನ ತರಂಗಾಂತರ ಸುಮಾರು 400ರಿಂದ 700. ಅದರಲ್ಲಿ ನೇರಳೆ ಮತ್ತು ನೀಲಿ 400ರಿಂದ 490ರ ಆಸುಪಾಸು. 400ಕ್ಕಿಂತ ಕೆಳಗಿನದು ನೇರಳಾತೀತ. ಅಂದರೆ ನೀಲಿ ಬೆಳಕು ನೇರಳಾತೀತದ ಪಕ್ಕದ ಮನೆಯದು. ಅದರ ಹೆಸರಿಗೆ ಬಂದ ಅಪವಾದಕ್ಕೆ ಈ ನೆರೆಹೊರೆಯೂ ಒಂದು ಕಾರಣ.

ಬಿಸಿಲಿಗೆ ಚರ್ಮ ಸುಡುವುದು ಶಾಖದಿಂದ ಎಂದೇ ಬಹುಕಾಲ ನಂಬಲಾಗಿತ್ತು. ಸುಡುವುದು ಶಾಖವಲ್ಲ, ನೇರಳಾತೀತ ಕಿರಣ ಎಂದು 1889ರಲ್ಲಿ ಸ್ವೀಡನ್ನಿನ ವೈದ್ಯ ವಿಡ್ಮಾರ್ಕ್ ಪ್ರಯೋಗದಿಂದ ಸಾಧಿಸಿದ. ಹಿಮದ ನಾಡಿನಲ್ಲೂ ಮುಖ ಸುಡುವುದೇಕೆ ಎಂಬ ಒಗಟು ಅಲ್ಲಿಗೆ ಬಿಡಿಸಿತು.

ಕಿತ್ತಳೆ ಬಣ್ಣದ ಒಳಉಡುಪು

ಹೊಸ ಜ್ಞಾನದ ಬೆನ್ನಿಗೇ ಹೊಸ ಭಯವೂ ಬಂತು. ಉಷ್ಣವಲಯದ ಬಿಸಿಲಿನಲ್ಲಿರುವ ನೀಲಿ, ನೇರಳೆ ಮತ್ತು ನೇರಳಾತೀತ ಕಿರಣಗಳು ಬಿಳಿಯರ ಚರ್ಮ, ತಲೆಬುರುಡೆ, ಬೆನ್ನುಮೂಳೆಗಳನ್ನು ತೂರಿಕೊಂಡು ಹೋಗಿ ನರಗಳನ್ನು ಹಾಳುಮಾಡುತ್ತವೆ ಎಂಬ ಸಿದ್ಧಾಂತ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹಬ್ಬಿತು. ಅಮೆರಿಕದ ಸೇನಾ ವೈದ್ಯ ಚಾರ್ಲ್ಸ್ ವುಡ್ರಫ್ 1905ರಲ್ಲಿ ಈ ಬಗ್ಗೆ ಒಂದು ಪುಸ್ತಕವನ್ನೇ ಬರೆದ.

ವ್ಯಾಪಾರ ತಡಮಾಡಲಿಲ್ಲ. ಭಾರತದಲ್ಲಿದ್ದ ಬ್ರಿಟಿಷರಿಗೆ ಬೆಂಡಿನ ಟೋಪಿಯಂತೂ ಮೊದಲೇ ಕಡ್ಡಾಯದಂತೆ ಇತ್ತು. ಅದರ ಜೊತೆಗೆ ಬೆನ್ನುಮೂಳೆಯನ್ನು ಕಾಯುವ ದಪ್ಪ ಪಟ್ಟಿಗಳು ಬಂದವು. ಕೆಂಪು ದಾರವನ್ನು ಒಳಗೆ ನೇಯ್ದು, ಅದು ಉಷ್ಣವಲಯದ ಕಿರಣವನ್ನು ತಡೆಯುತ್ತದೆಂದು ಹೇಳಿ ‘ಸೊಲಾರೊ’ ಎಂಬ ಬಟ್ಟೆಯನ್ನು ಲಂಡನ್ನಿನಲ್ಲಿ ಮಾರಲಾಯಿತು. ಫಿಲಿಪ್ಪೀನ್ಸಿನಲ್ಲಿದ್ದ ಅಮೆರಿಕದ ಸೈನ್ಯವಂತೂ ಇನ್ನೂ ಮುಂದೆ ಹೋಗಿ, ಸೈನಿಕರ ಒಂದು ತಂಡಕ್ಕೆ ಕಿತ್ತಳೆಗೆಂಪು ಬಣ್ಣದ ಒಳಉಡುಪು ತೊಡಿಸಿ, ಬಿಳಿ ಒಳಉಡುಪಿನ ಇನ್ನೊಂದು ತಂಡದೊಡನೆ ಹೋಲಿಸಿ ನೋಡಿತು. ಪ್ರಯೋಗದ ವರದಿಯನ್ನು ಸೇನಾ ವೈದ್ಯ ಜೇಮ್ಸ್ ಫಾಲೆನ್ 1910ರಲ್ಲಿ ಪ್ರಕಟಿಸಿದ. ಬಣ್ಣದ ಒಳಉಡುಪಿನಿಂದ ಯಾವ ಪ್ರಯೋಜನವೂ ಕಾಣಲಿಲ್ಲ.

ಇಂದು ಓದಿದರೆ ನಗು ಬರುವ ಕಥೆ. ಆದರೆ ಅದರ ಕ್ರಮ ಪರಿಚಿತವಾದದ್ದು. ಮೊದಲು ಪ್ರಯೋಗಾಲಯದ ಒಂದು ನಿಜ ಬರುತ್ತದೆ. ಅದರ ಪ್ರಮಾಣವನ್ನು ಮರೆತು ಒಂದು ಭಯ ಹುಟ್ಟುತ್ತದೆ. ಭಯದ ಹಿಂದೆ ಒಂದು ಸರಕು ಬರುತ್ತದೆ.

ನೀಲಿಯೇ ವೈದ್ಯ

ಇದೇ ಹೊತ್ತಿನಲ್ಲಿ ಯುರೋಪಿನ ಇನ್ನೊಂದು ಮೂಲೆಯಲ್ಲಿ ನೀಲಿ ಬೆಳಕು ರೋಗ ಗುಣಪಡಿಸುತ್ತಿತ್ತು. ಡೆನ್ಮಾರ್ಕಿನ ನೀಲ್ಸ್ ಫಿನ್ಸೆನ್ ಮುಖದ ಚರ್ಮವನ್ನು ತಿಂದುಹಾಕುವ ಚರ್ಮಕ್ಷಯಕ್ಕೆ 1895ರ ಸುಮಾರಿಗೆ ಬೆಳಕಿನ ಚಿಕಿತ್ಸೆ ಆರಂಭಿಸಿದ. ಇಂಗಾಲದ ಕಡ್ಡಿಗಳ ನಡುವೆ ಉರಿಯುವ ಪ್ರಖರ ವಿದ್ಯುದ್ದೀಪದ ಬೆಳಕನ್ನು ಮಸೂರಗಳಿಂದ ಒಂದೆಡೆ ಸೇರಿಸಿ, ತಂಪುಮಾಡಿ, ಹುಣ್ಣಿನ ಮೇಲೆ ಬಿಡುತ್ತಿದ್ದ. 1896ರಲ್ಲಿ ಕೋಪನ್‌ಹೇಗನ್ನಿನಲ್ಲಿ ಅವನ ಸಂಸ್ಥೆ ಆರಂಭವಾಯಿತು. 1903ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಕೆಲಸ ಮಾಡಿದ್ದು ನೇರಳಾತೀತ ಕಿರಣ ಎಂದೇ ಜಗತ್ತು ತಿಳಿದಿತ್ತು. ನೂರು ವರ್ಷಗಳ ನಂತರ ಡ್ಯಾನಿಷ್ ಸಂಶೋಧಕರು ಅವನ ಹಳೆಯ ಮಸೂರಗಳನ್ನು ಅಳೆದು ನೋಡಿದಾಗ, ಆ ಗಾಜು ಚಿಕ್ಕ ತರಂಗಾಂತರದ ನೇರಳಾತೀತವನ್ನು ಒಳಗೇ ಬಿಡುತ್ತಿರಲಿಲ್ಲ ಎಂದು ತಿಳಿಯಿತು. ರೋಗಾಣುವಿನೊಳಗಿನ ಪೊರ್ಫಿರಿನ್ ಎಂಬ ವಸ್ತುವನ್ನು ಕೆರಳಿಸಿ ಅದನ್ನು ಕೊಂದದ್ದು ಬಹುಮಟ್ಟಿಗೆ ನೀಲಿ-ನೇರಳೆ ಬೆಳಕು ಎಂದು ಅವರು ತರ್ಕಿಸಿದರು.

ಎರಡನೆಯ ಕಥೆ ಇಂಗ್ಲೆಂಡಿನ ಎಸೆಕ್ಸ್ ಪ್ರಾಂತದ ರಾಕ್‌ಫರ್ಡ್ ಆಸ್ಪತ್ರೆಯದು. 1956ರಲ್ಲಿ ಅಲ್ಲಿನ ದಾದಿ ಸಿಸ್ಟರ್ ವಾರ್ಡ್ ದಿನ ತುಂಬದೆ ಹುಟ್ಟಿದ ಕೂಸುಗಳನ್ನು ಬಿಸಿಲು ಕಾಯಿಸಲು ಅಂಗಳಕ್ಕೆ ಒಯ್ಯುತ್ತಿದ್ದರು. ಕಾಮಾಲೆಯ ಕೂಸೊಂದರ ಮೈಯಲ್ಲಿ ಬಿಸಿಲು ಬಿದ್ದ ಭಾಗ ತಿಳಿಯಾಗಿ, ಹೊದಿಕೆಯ ಅಂಚು ಮುಚ್ಚಿದ್ದ ಭಾಗ ಮಾತ್ರ ಹಳದಿಯಾಗಿ ಉಳಿದದ್ದು ಅವರ ಕಣ್ಣಿಗೆ ಬಿತ್ತು. 1958ರಲ್ಲಿ ಅಲ್ಲಿನ ವೈದ್ಯರು ಇದನ್ನು ಪ್ರಯೋಗದಿಂದ ಪ್ರಕಟಪಡಿಸಿದರು. ಕಾಮಾಲೆಯ ಬಿಲಿರುಬಿನ್ ಹಳದಿ ವಸ್ತು. ಹಳದಿಯಾದದ್ದು ನೀಲಿಯನ್ನು ನುಂಗುತ್ತದೆ. ಹಾಗೆ ನುಂಗಿದ ಬಿಲಿರುಬಿನ್ ರೂಪ ಬದಲಿಸಿ ಮೈಯಿಂದ ಹೊರಹೋಗುತ್ತದೆ. ಇಂದು ಭಾರತದ ಜಿಲ್ಲಾ ಆಸ್ಪತ್ರೆಗಳ ಶಿಶು ವಾರ್ಡುಗಳಲ್ಲೂ ಕಣ್ಣಿಗೆ ಪಟ್ಟಿ ಕಟ್ಟಿ ಕೂಸನ್ನು ಮಲಗಿಸುವ ನೀಲಿ ದೀಪ ಇದೇ. ಹುಟ್ಟಿದ ವಾರದಲ್ಲೇ ಎಷ್ಟೋ ಮಕ್ಕಳು ಪರದೆಗಿಂತ ಬಹುಪಾಲು ಪ್ರಖರವಾದ ನೀಲಿ ಬೆಳಕಿನಲ್ಲಿ ದಿನಗಟ್ಟಲೆ ಮಲಗಿ, ಆರೋಗ್ಯವಾಗಿ ಮನೆಗೆ ಹೋಗುತ್ತವೆ.

ಪರದೆಗೆ ನೀಲಿ ಬಂದ ಬಗೆ

ಕೆಂಪು ಮತ್ತು ಹಸಿರು ಎಲ್‌ಇಡಿ ದೀಪಗಳು 1960ರ ದಶಕದಿಂದಲೇ ಬಂದಿದ್ದವು. ನೀಲಿ ಮಾತ್ರ ಕೈಗೆ ಸಿಕ್ಕಿರಲಿಲ್ಲ. ನೀಲಿಯಿಲ್ಲದೆ ಬಿಳಿ ಬೆಳಕಿಲ್ಲ. ಜಪಾನಿನ ಇಸಾಮು ಅಕಾಸಾಕಿ ಮತ್ತು ಹಿರೋಶಿ ಅಮಾನೊ ಇದಕ್ಕೆ ದಾರಿ ಮಾಡಿದರು. ಅದೇ ದೇಶದ ಶುಜಿ ನಕಾಮುರಾ 1993ರಲ್ಲಿ ಪ್ರಖರವಾದ ನೀಲಿ ಎಲ್‌ಇಡಿಯನ್ನು ಹೊರತಂದ. 2014ರಲ್ಲಿ ಮೂವರಿಗೂ ನೊಬೆಲ್ ಬಂತು. ನೀಲಿ ಎಲ್‌ಇಡಿಯ ಮೇಲೆ ಹಳದಿ ಬೆಳಗುವ ಲೇಪ ಕೊಟ್ಟರೆ ಎರಡೂ ಸೇರಿ ಬಿಳಿಯಾಗಿ ಕಾಣುತ್ತದೆ. ಮನೆಯ ಬಿಳಿ ಎಲ್‌ಇಡಿ ಬಲ್ಬು, ಎಲ್‌ಇಡಿ ಟಿವಿ, ಫೋನಿನ ಪರದೆ, ಹುಮನಾಬಾದ್ ಮೇಲೆ ಹಾದುಹೋಗುವ ಪುಣೆ-ಹೈದರಾಬಾದ್ ಹೆದ್ದಾರಿಯಲ್ಲಿ ಎದುರಾಗುವ ಹೊಸ ಕಾರುಗಳ ದೀಪ, ಎಲ್ಲದರಲ್ಲೂ ಈ ಶೋಧದ ಪಾಲಿದೆ. 2015ರಲ್ಲಿ ಕೇಂದ್ರ ಸರ್ಕಾರ ‘ಉಜಾಲಾ’ ಯೋಜನೆಯಡಿ ಕಡಿಮೆ ಬೆಲೆಗೆ ಎಲ್‌ಇಡಿ ಬಲ್ಬು ಹಂಚತೊಡಗಿದ ಮೇಲೆ ಹಳ್ಳಿಗಳಲ್ಲೂ ಹಳದಿ ಬಲ್ಬು ಅಪರೂಪವಾಯಿತು. ಜನ ಪರದೆಯ ನೀಲಿಯ ಬಗ್ಗೆ ಕೇಳತೊಡಗಿದ್ದು ಇದರ ನಂತರ.

ಚರ್ಮದ ಸಾಕ್ಷ್ಯ

ಹಾಗಾದರೆ ನೀಲಿ ಬೆಳಕು ಚರ್ಮಕ್ಕೆ ಏನೂ ಮಾಡುವುದಿಲ್ಲವೇ? ಮಾಡುತ್ತದೆ. ಅದೂ ನಮ್ಮಂಥ ಕಂದು ಚರ್ಮಕ್ಕೆ ಹೆಚ್ಚು ಮಾಡುತ್ತದೆ. ಈ ಸಂಗತಿ ಹೊರಬರಲು ತಡವಾದದ್ದಕ್ಕೂ ಒಂದು ಇತಿಹಾಸವಿದೆ.

ಚರ್ಮವನ್ನು ಬಿಸಿಲಿಗೆ ಅದು ತೋರುವ ಪ್ರತಿಕ್ರಿಯೆಯ ಮೇಲೆ ವರ್ಗಗಳಾಗಿ ವಿಂಗಡಿಸುವ ಕ್ರಮವನ್ನು ಅಮೆರಿಕದ ವೈದ್ಯ ಥಾಮಸ್ ಫಿಟ್ಜ್‌ಪ್ಯಾಟ್ರಿಕ್ 1975ರಲ್ಲಿ ರೂಪಿಸಿದ. ಅದು ಮೊದಲು ರಚಿತವಾದದ್ದು ಬಿಳಿಯರ ಚರ್ಮಕ್ಕೆ. ಕಂದು ಮತ್ತು ಕಪ್ಪು ಚರ್ಮದ ಐದು, ಆರನೆಯ ವರ್ಗಗಳನ್ನು ಆಮೇಲೆ ಸೇರಿಸಲಾಯಿತು. ಬಿಸಿಲು ತಡೆಯುವ ಕ್ರೀಮಿನ ಡಬ್ಬಿಯ ಮೇಲೆ ಕಾಣುವ ಎಸ್‌ಪಿಎಫ್ ಎಂಬ ಅಂಕಿಯೂ ಚರ್ಮ ಕೆಂಪಾಗುವುದನ್ನು ಅಳೆಯುವಂಥದು. ಬೀದರ್ ಜಿಲ್ಲೆಯ ರೈತನ ಚರ್ಮ ಸುಲಭಕ್ಕೆ ಕೆಂಪಾಗುವುದಿಲ್ಲ, ಕಪ್ಪಾಗುತ್ತದೆ. ಅಳತೆಗೋಲು ಒಂದು, ಅಳೆಯಬೇಕಾದ ವಸ್ತು ಇನ್ನೊಂದು.

2010ರಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದ ಸಂಶೋಧಕರು ಕಣ್ಣಿಗೆ ಕಾಣುವ ಬೆಳಕನ್ನು ಬಿಳಿ ಚರ್ಮದ ಮೇಲೂ ಗಾಢ ಚರ್ಮದ ಮೇಲೂ ಬಿಟ್ಟು ನೋಡಿದರು. ಗಾಢ ಚರ್ಮ ಕಪ್ಪಾಯಿತು, ಆ ಕಪ್ಪು ಹಲವು ದಿನ ಉಳಿಯಿತು. ಬಿಳಿ ಚರ್ಮದಲ್ಲಿ ಹಾಗಾಗಲಿಲ್ಲ. 2014ರಲ್ಲಿ ಫ್ರಾನ್ಸಿನ ನೀಸ್ ನಗರದ ಪ್ರಯೋಗ ಇನ್ನೂ ಸೂಕ್ಷ್ಮವಾಗಿತ್ತು. ಕೆಂಪು ಬೆಳಕು ಏನೂ ಮಾಡಲಿಲ್ಲ. 415 ನ್ಯಾನೋಮೀಟರಿನ ನೀಲಿ-ನೇರಳೆ ಬೆಳಕು ಮೂಡಿಸಿದ ಕಪ್ಪು ಮೂರು ತಿಂಗಳವರೆಗೂ ಉಳಿಯಿತು. ಕಾರಣ 2018ರಲ್ಲಿ ತಿಳಿಯಿತು. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಎಂಬ ವಸ್ತುವನ್ನು ತಯಾರಿಸುವ ಜೀವಕೋಶಗಳಲ್ಲಿ ಆಪ್ಸಿನ್-3 ಎಂಬ ಪ್ರೋಟೀನ್ ಇದೆ. ಕಣ್ಣು ಬೆಳಕನ್ನು ಗುರುತಿಸುವುದು ಇದೇ ಕುಟುಂಬದ ಪ್ರೋಟೀನುಗಳಿಂದ. ನೀಲಿ ಬೆಳಕು ತಾಗಿದಾಗ ಆಪ್ಸಿನ್-3 ಮೆಲನಿನ್ ತಯಾರಿಕೆಗೆ ಚಾಲನೆ ಕೊಡುತ್ತದೆ. ಚರ್ಮಕ್ಕೂ ಒಂದು ಬಗೆಯ ಕಣ್ಣಿದೆ ಎನ್ನಬಹುದು.

ಹೆಂಗಸರ ಕೆನ್ನೆ, ಹಣೆಗಳ ಮೇಲೆ ಕಾಣುವ ಬಂಗಿಗೆ ಇದು ನೇರವಾಗಿ ಸಂಬಂಧಿಸಿದೆ. ಬಸುರಿನಲ್ಲಿ ಹಾರ್ಮೋನುಗಳ ಏರುಪೇರಿನಿಂದ, ಮನೆತನದ ಗುಣದಿಂದ ಬಂಗು ಬರುತ್ತದೆ. ಬಿಸಿಲು ಅದನ್ನು ಹೆಚ್ಚಿಸುತ್ತದೆ. ನೇರಳಾತೀತವನ್ನು ತಡೆಯುವ ಕ್ರೀಮು ತಪ್ಪದೆ ಹಚ್ಚಿದರೂ ಕೆಲವರಿಗೆ ಬಂಗು ಮತ್ತೆ ಮತ್ತೆ ಮರುಕಳಿಸುವುದೇಕೆ ಎಂಬ ಪ್ರಶ್ನೆಗೆ ಈಗ ಉತ್ತರದ ಒಂದು ಭಾಗ ಸಿಕ್ಕಿದೆ. ಕ್ರೀಮು ನೇರಳಾತೀತವನ್ನು ತಡೆದರೂ ಬಿಸಿಲಿನ ನೀಲಿಯನ್ನು ಒಳಗೆ ಬಿಡುತ್ತಿತ್ತು.

ಒಂದು ನಿಮಿಷ, ಒಂದು ವಾರ

ಇಷ್ಟು ಕೇಳಿದ ಮೇಲೆ ಫೋನನ್ನು ದೂರ ಇಡಬೇಕೆನಿಸುವುದು ಸಹಜ. ಆದರೆ ಮೇಲಿನ ಪ್ರಯೋಗಗಳಲ್ಲಿ ಬಳಸಿದ್ದು ಪರದೆಯ ಬೆಳಕನ್ನಲ್ಲ, ಬಹಳ ಪ್ರಖರವಾದ ದೀಪಗಳನ್ನು. ಪ್ರಮಾಣದ ಪ್ರಶ್ನೆ ಬರುವುದು ಇಲ್ಲಿಯೇ.

ಬೆಳಕಿನ ಪ್ರಮಾಣವನ್ನು ಲಕ್ಸ್ ಎಂಬ ಮಾನದಿಂದ ಹೇಳುತ್ತಾರೆ. ಮೋಡವಿಲ್ಲದ ಮಧ್ಯಾಹ್ನದ ನೇರ ಬಿಸಿಲು ಸುಮಾರು 1 ಲಕ್ಷ ಲಕ್ಸ್. ಚೆನ್ನಾಗಿ ದೀಪವಿರುವ ಕಚೇರಿಯಲ್ಲಿ ನಾನೂರೋ ಐನೂರೋ. ಫೋನಿನ ಪರದೆ ಓದುವ ಅಂತರದಲ್ಲಿ ಮುಖಕ್ಕೆ ಕೊಡುವುದು ನೂರರ ಆಸುಪಾಸು, ಬಹಳ ಸಲ ಅದಕ್ಕೂ ಕಡಿಮೆ. ನೀವಿಯಾ ಕ್ರೀಮು ತಯಾರಿಸುವ ಜರ್ಮನಿಯ ಬೈಯರ್ಸ್‌ಡಾರ್ಫ್ ಕಂಪನಿಯ ವಿಜ್ಞಾನಿಗಳೇ ಇದನ್ನು ಲೆಕ್ಕ ಹಾಕಿದ್ದಾರೆ. ಪರದೆಯಿಂದ 30 ಸೆಂಟಿಮೀಟರ್ ದೂರದಲ್ಲಿ ಒಂದು ವಾರ ಎಡೆಬಿಡದೆ ಕುಳಿತರೆ ಸಿಗುವ ನೀಲಿ ಬೆಳಕು, ಹ್ಯಾಂಬರ್ಗ್ ನಗರದ ಬೇಸಿಗೆಯ ಮಧ್ಯಾಹ್ನದಲ್ಲಿ ಒಂದು ನಿಮಿಷ ಹೊರಗೆ ನಿಂತಾಗ ಸಿಗುವಷ್ಟು. ಭಯ ಹೆಚ್ಚಿದರೆ ಲಾಭವಾಗಬಹುದಾದ ಕ್ರೀಮು ಕಂಪನಿಯೇ ಹೀಗೆ ಹೇಳಿರುವುದು ಗಮನಾರ್ಹ.

ಹ್ಯಾಂಬರ್ಗಿನಲ್ಲಿ ಸೂರ್ಯ ವರ್ಷದ ಅತಿ ದೀರ್ಘ ದಿನದಂದೂ ಆಕಾಶದಲ್ಲಿ 60 ಡಿಗ್ರಿಗಿಂತ ಮೇಲೇರುವುದಿಲ್ಲ. ಬಸವಕಲ್ಯಾಣದಲ್ಲಿ ಅವನು ನೆತ್ತಿಗೇ ಬರುತ್ತಾನೆ. ಆದರೂ ಹ್ಯಾಂಬರ್ಗಿನ ಲೆಕ್ಕವನ್ನೇ ಇಟ್ಟುಕೊಂಡರೆ, ಮಧ್ಯಾಹ್ನ ಒಂದು ಗಂಟೆ ಹೊಲದಲ್ಲಿ ಕಳೆ ತೆಗೆದವಳ ಮುಖಕ್ಕೆ ಬಿದ್ದ ನೀಲಿ ಬೆಳಕು 60 ವಾರಗಳ ಎಡೆಬಿಡದ ಪರದೆಗೆ ಸಮ. ಅಂದರೆ ಹಗಲು-ರಾತ್ರಿ ಸೇರಿ ಒಂದು ವರ್ಷಕ್ಕೂ ಹೆಚ್ಚು.

ಪರದೆಯನ್ನೇ ನೇರವಾಗಿ ಪರೀಕ್ಷಿಸಿದ್ದೂ ಉಂಟು. 2020ರಲ್ಲಿ ಪ್ರಕಟವಾದ ಫ್ರೆಂಚ್ ಪ್ರಯೋಗವೊಂದರಲ್ಲಿ ಬಂಗು ಇದ್ದ 12 ಜನರ ಮುಖದ ಒಂದು ಬದಿಗೆ, ಪೂರ್ತಿ ಪ್ರಖರತೆಯ ಪರದೆಯನ್ನು 20 ಸೆಂಟಿಮೀಟರ್ ದೂರದಲ್ಲಿಟ್ಟಷ್ಟು ನೀಲಿ ಬೆಳಕನ್ನು, ದಿನಕ್ಕೆ 8 ಗಂಟೆಯ ಬಳಕೆಯ ಲೆಕ್ಕದಲ್ಲಿ 5 ದಿನಗಳಿಗಾಗುವಷ್ಟು ಕೊಡಲಾಯಿತು. ಬಂಗು ಹೆಚ್ಚಲಿಲ್ಲ. ಜನ ಕಡಿಮೆ, ದಿನಗಳೂ ಕಡಿಮೆ ಎಂಬುದು ನಿಜ. ಆದರೆ ಬೆಳಕಿನ ಲೆಕ್ಕವೂ ಪ್ರಯೋಗವೂ ಒಂದೇ ಮಾತು ಹೇಳುತ್ತವೆ. ಚರ್ಮದ ಮಟ್ಟಿಗೆ ಫೋನಿನ ಪರದೆ ಶತ್ರುವಲ್ಲ.

ಫೋನಿನಿಂದ ಕೆಡುವುದು ನಿದ್ರೆ. ಕಣ್ಣಿನ ಹಿಂಭಾಗದ ಕೆಲವು ಜೀವಕೋಶಗಳು ನೀಲಿ ಬೆಳಕಿಗೆ ವಿಶೇಷವಾಗಿ ಸ್ಪಂದಿಸಿ ಇದು ಹಗಲು ಎಂದು ಮಿದುಳಿಗೆ ತಿಳಿಸುತ್ತವೆಂದು 2002ರ ಸುಮಾರಿಗೆ ಗೊತ್ತಾಯಿತು. ಈ ಜೀವಕೋಶಗಳಿಗೆ ಚರ್ಮಕ್ಕೆ ಬೇಕಾದಷ್ಟು ಬೆಳಕು ಬೇಡ, ಅಲ್ಪವೇ ಸಾಕು. ನಡುರಾತ್ರಿಯವರೆಗೆ ಫೋನು ನೋಡಿದವರ ಮುಖ ಬೆಳಿಗ್ಗೆ ಕಳೆಗುಂದಿದ್ದರೆ ಕಾರಣ ನಿದ್ರೆಗೇಡು. ಅದಕ್ಕೆ ಕ್ರೀಮು ಮದ್ದಲ್ಲ, ಫೋನು ಕೆಳಗಿಟ್ಟು ಮಲಗುವುದೇ ಮದ್ದು.

ಯಾರ ಚರ್ಮ, ಯಾರ ಭಯ

ಇಷ್ಟು ಸರಳವಾಗಿದ್ದರೆ ನೀಲಿ ಬೆಳಕಿನ ಭಯ ಏಕೆ ಇಷ್ಟು ಬೇಗ ಬೇರೂರಿತು? ಕಪ್ಪಾಗುವ ಭಯ ಮೊದಲೇ ಇತ್ತು ಎಂಬುದೇ ಉತ್ತರ. ‘ಫೇರ್ ಅಂಡ್ ಲವ್ಲಿ’ ಎಂಬ ಬಿಳಿಚುವ ಕ್ರೀಮು ಭಾರತದ ಮಾರುಕಟ್ಟೆಗೆ ಬಂದದ್ದು 1975ರಲ್ಲಿ. 2020ರಲ್ಲಿ ಬಣ್ಣದ ತಾರತಮ್ಯದ ವಿರುದ್ಧ ಜಗತ್ತಿನಾದ್ಯಂತ ದನಿಯೆದ್ದಾಗ ಅದರ ಹೆಸರಿನಿಂದ ‘ಫೇರ್’ ಹೋಗಿ ‘ಗ್ಲೋ’ ಬಂತು. ಡಬ್ಬಿಯ ಹೆಸರು ಬದಲಾದರೂ ವಧುಪರೀಕ್ಷೆಯ ಪ್ರಶ್ನೆ ಬದಲಾಗಿಲ್ಲ.

ಈ ಭಯದ ದೊಡ್ಡ ಅಪಾಯ ನೀಲಿ ಬೆಳಕಿನ ಕ್ರೀಮಿಗೆ ಹೋಗುವ ದುಡ್ಡಲ್ಲ. ಔಷಧದ ಅಂಗಡಿಯಲ್ಲಿ ಕೇಳಿದ ಕೂಡಲೇ ಸಿಗುತ್ತಿದ್ದ ಸ್ಟೀರಾಯ್ಡ್ ಬೆರೆತ ಮುಲಾಮುಗಳು ಅದಕ್ಕಿಂತ ಅಪಾಯಕಾರಿ. ಮೊದಲ ವಾರಗಳಲ್ಲಿ ಮುಖ ತಿಳಿಯಾದಂತೆ ತೋರುತ್ತದೆ. ಬರಬರುತ್ತ ಚರ್ಮ ತೆಳ್ಳಗಾಗುತ್ತದೆ, ಕೆಂಪು ನರಗಳು ಎದ್ದು ಕಾಣುತ್ತವೆ, ಮೊಡವೆ ಮತ್ತು ಕೂದಲು ಬರುತ್ತವೆ, ಬಿಸಿಲು ತಾಗಿದರೆ ಉರಿಯುತ್ತದೆ. ಮುಲಾಮು ನಿಲ್ಲಿಸಿದರೆ ಉರಿ ಇನ್ನೂ ಹೆಚ್ಚು. ಭಾರತದ ಚರ್ಮವೈದ್ಯರು ಇದರ ವಿರುದ್ಧ ವರ್ಷಗಟ್ಟಲೆ ಎಚ್ಚರಿಸಿದ ಮೇಲೆ, 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದ ಪಟ್ಟಿಗೆ ಸೇರಿಸಿತು. ಕಪ್ಪಾದೀತೆಂಬ ಹೆದರಿಕೆಯಲ್ಲಿ ಹಚ್ಚಿದ ಮುಲಾಮು ಬಿಸಿಲಿಗಿಂತ ಹೆಚ್ಚು ಹಾನಿ ಮಾಡಬಲ್ಲದು.

ಚರ್ಮದ ಬಣ್ಣ ಹೆಚ್ಚಿರುವುದು ರೋಗವೇನೂ ಅಲ್ಲ. ಎಲ್ಲ ಬಣ್ಣದ ಜನರಲ್ಲೂ ಬಣ್ಣ ತಯಾರಿಸುವ ಜೀವಕೋಶಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ. ಅವು ಮಾಡುವ ಮೆಲನಿನ್‌ನ ಪ್ರಮಾಣ ಮತ್ತು ಬಗೆ ಬೇರೆ. ಅದು ನೇರಳಾತೀತದಿಂದ ಜೀವಕೋಶವನ್ನು ಕಾಯುವ ಕೊಡೆ. ಹರಳಯ್ಯ ದಂಪತಿ ತಮ್ಮ ತೊಡೆಯ ಚರ್ಮದಿಂದಲೇ ಬಸವಣ್ಣನವರಿಗೆ ಪಾದರಕ್ಷೆ ಮಾಡಿದರೆಂದೂ, ಬಸವಣ್ಣನವರು ಅದನ್ನು ಮೆಟ್ಟದೆ ತಲೆಯ ಮೇಲೆ ಹೊತ್ತರೆಂದೂ ಕಥೆಯಿದೆ. ಹರಳಯ್ಯನ ಹೆಸರಿನ ಗವಿ ಬಸವಕಲ್ಯಾಣದಲ್ಲಿ ಇಂದಿಗೂ ಇದೆ. ಚರ್ಮದಿಂದ ಮನುಷ್ಯನ ಬೆಲೆ ಕಟ್ಟಬಾರದೆಂಬುದನ್ನು ಎಂಟುನೂರು ವರ್ಷಗಳ ಹಿಂದೆಯೇ ಹೇಳಿದ ಊರಿದು.

ಕೆಮ್ಮಣ್ಣಿನ ಗುಣ

ಬಿಸಿಲಿನ ನೀಲಿಯನ್ನು ತಡೆಯುವ ದಾರಿ ಯಾವುದು ಎಂಬುದಕ್ಕೆ ಸಂಶೋಧನೆ ಕೊಟ್ಟ ಉತ್ತರ ಈ ಸೀಮೆಯ ನೆಲದ ಬಣ್ಣದಲ್ಲೇ ಇದೆ. ಬೀದರ್‌ನಿಂದ ಹುಮನಾಬಾದ್ ಕಡೆಗೆ ಹಬ್ಬಿರುವ ಎತ್ತರದ ಬಯಲಿನಲ್ಲಿ ಜಂಬಿಟ್ಟಿಗೆಯ ಕೆಂಪು ನೆಲವಿದೆ. ಆ ಕೆಂಪು ಕಬ್ಬಿಣದ ಆಕ್ಸೈಡಿನದು. ಗೋಡೆಗೆ ಬಳಿಯುವ ಕೆಮ್ಮಣ್ಣು, ಕಾವಿ ಕಲ್ಲು ಎಲ್ಲವೂ ಅದೇ. ಕಾವಿ ಕೆಂಪಾಗಿ ಕಾಣುವುದು ಅದು ನೀಲಿಯನ್ನು ನುಂಗಿ ಕೆಂಪನ್ನು ಹಿಂದಕ್ಕೆ ಕಳಿಸುವುದರಿಂದ. ಕಾಮಾಲೆಯ ಹಳದಿ ವಸ್ತು ನೀಲಿಯನ್ನು ನುಂಗಿದ ಹಾಗೆಯೇ ಇದು. ಬಿಳಿಯ, ಹಚ್ಚಿದರೆ ಕಾಣದ ಕ್ರೀಮುಗಳು ನೀಲಿಯನ್ನು ತಡೆಯಲಾರವು. ಕಾಣುವ ಬೆಳಕನ್ನು ತಡೆಯುವ ವಸ್ತು ಕಣ್ಣಿಗೆ ಕಾಣಲೇಬೇಕು. ಆದ್ದರಿಂದಲೇ ಬಂಗು ಇರುವವರಿಗೆ ಚರ್ಮವೈದ್ಯರು ಈಗ ಕಬ್ಬಿಣದ ಆಕ್ಸೈಡ್ ಬೆರೆಸಿದ, ಮೈಬಣ್ಣದ ಕ್ರೀಮನ್ನು ಸೂಚಿಸುತ್ತಾರೆ. 2014ರಲ್ಲಿ ಮೆಕ್ಸಿಕೋ ದೇಶದ ವೈದ್ಯರು ಅಂಥ ಕ್ರೀಮು ಬಂಗಿಗೆ ಸಾಮಾನ್ಯ ಕ್ರೀಮಿಗಿಂತ ಹೆಚ್ಚು ಉಪಯುಕ್ತವೆಂದು ತೋರಿಸಿದರು. ಹಾಗೆಂದು ಹೊಲದ ಮಣ್ಣನ್ನು ಮುಖಕ್ಕೆ ಬಳಿದುಕೊಳ್ಳಬೇಕಾಗಿಲ್ಲ. ಕ್ರೀಮಿನಲ್ಲಿ ಬಳಸುವುದು ಶುದ್ಧಗೊಳಿಸಿದ ವಸ್ತುವನ್ನು.

ಕ್ರೀಮಿಗಿಂತ ಮೊದಲು ಬಟ್ಟೆ ಬರುತ್ತದೆ. ದಟ್ಟವಾಗಿ ನೇಯ್ದ ಬಟ್ಟೆ ನೇರಳಾತೀತವನ್ನೂ ನೀಲಿಯನ್ನೂ ಒಟ್ಟಿಗೇ ತಡೆಯುತ್ತದೆ, ಬೆವರಿಗೆ ತೊಳೆದುಹೋಗುವುದಿಲ್ಲ. ತೊಗರಿ, ಜೋಳದ ಹೊಲಗಳಲ್ಲಿ ದುಡಿಯುವ ಹೆಂಗಸರ ತಲೆಯ ಮೇಲಿನ ಸೆರಗು, ಗಂಡಸರ ರುಮಾಲು, ತೋಳು ಮುಚ್ಚುವ ಹಳೆಯ ಅಂಗಿ ಯಾವ ಪ್ರಯೋಗಾಲಯಕ್ಕೂ ಕಾಯದೆ ಮಾಡಿಕೊಂಡ ಏರ್ಪಾಟು. ಬಿಸಿಲೇರುವ ಮುಂಚೆ ಕೆಲಸಕ್ಕಿಳಿದು ಮಧ್ಯಾಹ್ನ ಮರದಡಿ ಕೂರುವ ರೂಢಿಯೂ ಅಂಥದೇ. ಕಿಟಕಿಯ ಗಾಜಿನ ಪಕ್ಕದಲ್ಲಿ ದಿನವಿಡೀ ಕೂರುವವರು, ವಾಹನ ಓಡಿಸುವವರು ಮಾತ್ರ ಒಂದು ವಿಷಯ ತಿಳಿದಿರಬೇಕು. ಸಾಮಾನ್ಯ ಗಾಜು ಚರ್ಮ ಸುಡುವ ಕಿರಣವನ್ನು ತಡೆಯುತ್ತದೆ. ನೀಲಿಯನ್ನೂ ದೀರ್ಘ ತರಂಗಾಂತರದ ನೇರಳಾತೀತವನ್ನೂ ಬಹುಮಟ್ಟಿಗೆ ಒಳಗೆ ಬಿಡುತ್ತದೆ.

ಹೀಗೆ ನೋಡಿದರೆ ನೀಲಿ ಬೆಳಕಿನ ಭಯ ಪೂರ್ತಿ ಸುಳ್ಳಲ್ಲ, ವಿಳಾಸ ಮಾತ್ರ ತಪ್ಪು. ನೆರಳಿನಲ್ಲಿ ಕುಳಿತು ಫೋನು ನೋಡುವವರಿಗೆ ಅದನ್ನು ಮಾರಲಾಗುತ್ತಿದೆ. ನಿಜವಾದ ನೀಲಿ ಬೆಳಕು ಬೀಳುತ್ತಿರುವುದು ಕಳೆ ಕೀಳುವವಳ, ರಸ್ತೆಗೆ ಡಾಂಬರು ಹಾಕುವವನ, ಸಂತೆಯಲ್ಲಿ ಮೇಲ್ಛಾವಣಿಯಿಲ್ಲದೆ ಕಾಯಿಪಲ್ಲೆ ಮಾರುವವಳ ಮುಖದ ಮೇಲೆ. ಅವರಿಗೆ ಬೇಕಾದದ್ದು ಕೆಲಸದ ಜಾಗದಲ್ಲಿ ನೆರಳು, ನಡುಹಗಲಿನಲ್ಲಿ ಬಿಡುವು, ಸಂತೆಗೊಂದು ಸೂರು, ರಸ್ತೆಯ ಎರಡೂ ಬದಿಗೆ ಮರ. ಒಂಬೈನೂರು ವರ್ಷಗಳ ಹಿಂದೆ ಕಲ್ಯಾಣದಲ್ಲಿ ಅರಸನ ಭೋಗಗಳ ಪಟ್ಟಿಯಲ್ಲಿದ್ದ ನೆರಳು ಇಂದು ದುಡಿಯುವವರ ಹಕ್ಕುಗಳ ಪಟ್ಟಿಗೆ ಸೇರಬೇಕಾಗಿದೆ.